ಉಬ್ಬಿದ ಕೋಶದ ಜೀವನ್ಮರಣ ಹೋರಾಟ

1943ರ ಫೆಬ್ರವರಿ 10. ಪುಣೆಯ ಆಗಾ ಖಾನ್ ಅರಮನೆ. ಸುತ್ತ ಮುಳ್ಳುತಂತಿ, ಬಾಗಿಲಲ್ಲಿ ಪಹರೆ. ಒಳಗೆ ಬಂದಿಯಾಗಿದ್ದ 73 ವರ್ಷದ ಗಾಂಧೀಜಿ ಊಟ ಬಿಟ್ಟರು. ಒಂದೆರಡು ದಿನಕ್ಕಲ್ಲ, 21 ದಿನಕ್ಕೆ. ಕುಡಿಯಲು ನೀರು, ಅದು ಗಂಟಲಲ್ಲಿ ಇಳಿಯಲೆಂದು ಬೆರೆಸಿದ ಚೂರು ಹಣ್ಣಿನ ರಸ. ಮತ್ತೇನಿಲ್ಲ.

ಉಪವಾಸಕ್ಕೆ ಕೂತ ದೇಹದಲ್ಲಿ ಮೊದಲ ದಿನವೇ ಲೆಕ್ಕ ಶುರುವಾಗುತ್ತದೆ. ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಗ್ಲೂಕೋಸ್ ಸುಮಾರು 100 ಗ್ರಾಂ. ಒಂದು ಹಗಲು, ಒಂದು ರಾತ್ರಿ, ಖಾಲಿ. ಮಿದುಳು ಮಾತ್ರ ಪಟ್ಟು ಬಿಡುವುದಿಲ್ಲ. ದಿನಕ್ಕೆ ಹೆಚ್ಚೂಕಡಿಮೆ 120 ಗ್ರಾಂ ಗ್ಲೂಕೋಸ್ ಬೇಕೆನ್ನುತ್ತದೆ. ಎಲ್ಲಿಂದ ತರುವುದು? ಸ್ನಾಯು ಕರಗಿಸಬೇಕು. ಅದನ್ನೇ ಕರಗಿಸುತ್ತ ಹೋದರೆ ಉಸಿರೆಳೆಯುವ ಸ್ನಾಯುವೂ ಸೊರಗುತ್ತದೆ. ಆ ದಾರಿಯಲ್ಲಿ 21 ದಿನ ದಾಟುವ ಮಾತೇ ಇಲ್ಲ.

ಎರಡನೇ ವಾರ ಮುಗಿಯುವ ಹೊತ್ತಿಗೆ ಸ್ಥಿತಿ ಬಿಗಡಾಯಿಸಿತು. ಡಾ. ಬಿ.ಸಿ. ರಾಯ್, ಡಾ. ಗಿಲ್ಡರ್, ಡಾ. ಸುಶೀಲಾ ನಾಯರ್ ನಾಡಿ ಹಿಡಿದು ಕೂತರು. ವೈಸರಾಯ್ ಕಾರ್ಯಕಾರಿ ಮಂಡಳಿಯ ಮೂವರು ಸದಸ್ಯರು ಆಗಲೇ ರಾಜೀನಾಮೆ ಬಿಸಾಕಿದ್ದರು. ನೀರೇ ಒಳಗೆ ಹೋಗದಂತಾದಾಗ ಮೋಸಂಬಿ ರಸದ ಕೆಲವು ಗುಟುಕು ಇಳಿಸಿದರು. ಮಾರ್ಚ್ 3 ಬಂತು. ಗಾಂಧೀಜಿ ಬದುಕಿದ್ದರು.

ಆ ಬಡಕಲು ಮೈಯನ್ನು ದಡ ಮುಟ್ಟಿಸಿದ್ದು ಬರಿಗಣ್ಣಿಗೆ ಕಾಣುವ ಅಂಚಿನಲ್ಲಿರುವ ಒಂದು ಜೀವಕಣ: ಕೊಬ್ಬಿನ ಕೋಶ.

ಅದರ ಕೆಲಸ ನೋಡಿ. ಊಟ ನಿಲ್ಲುತ್ತದೆ, ರಕ್ತದಲ್ಲಿ ಇನ್ಸುಲಿನ್ ಕುಸಿಯುತ್ತದೆ. ನರಗಳಿಂದ ನಾರ್‌ಅಡ್ರಿನಲಿನ್ ಸುರಿಯುತ್ತದೆ. ಕೋಶದ ಹೊರಪೊರೆಯ ಗ್ರಾಹಕಗಳು ಆ ಕರೆ ಹಿಡಿಯುತ್ತವೆ, ಒಳಗೆ ದಾಟಿಸುತ್ತವೆ. ಕೊಬ್ಬಿನ ಹನಿಯನ್ನು ಸುತ್ತುವರಿದು ಕಾಯುವ ಪೆರಿಲಿಪಿನ್ ಎಂಬ ಪ್ರೋಟೀನು ಪಕ್ಕಕ್ಕೆ ಸರಿಯುತ್ತದೆ. ಕಿಣ್ವಗಳು ನುಗ್ಗುತ್ತವೆ. ಎಟಿಜಿಎಲ್ ಮೊದಲ ಕೊಬ್ಬಿನಾಮ್ಲವನ್ನು ಕತ್ತರಿಸುತ್ತದೆ. ಎಚ್‌ಎಸ್‌ಎಲ್ ಎರಡನೆಯದನ್ನು. ಎಂಜಿಎಲ್ ಕೊನೆಯದನ್ನು. ಉಳಿಯುವುದು ಗ್ಲಿಸರಾಲ್‌ನ ಒಂದು ತುಣುಕು.

ಕೊಬ್ಬಿನಾಮ್ಲಗಳು ರಕ್ತಕ್ಕೆ ಜಿಗಿಯುತ್ತವೆ. ಸ್ನಾಯು ಅವನ್ನು ಸುಡುತ್ತದೆ. ಲಿವರ್ ಅವನ್ನು ಕೀಟೋನ್ ಮಾಡಿ ಮಿದುಳಿಗೆ ಉಣಿಸುತ್ತದೆ. 1960ರ ದಶಕದಲ್ಲಿ ಬಾಸ್ಟನ್‌ನ ಜಾರ್ಜ್ ಕೇಹಿಲ್ ತಂಡ ವಾರಗಟ್ಟಲೆ ಉಪವಾಸವಿದ್ದ ಸ್ಥೂಲಕಾಯರಲ್ಲಿ ಇದನ್ನು ಅಳೆಯಿತು. ದೀರ್ಘ ಉಪವಾಸದಲ್ಲಿ ಮಿದುಳಿನ ಇಂಧನದ ಬಹುಪಾಲು ಕೀಟೋನ್‌ನದೇ. ಸ್ನಾಯು ಉಳಿಯುತ್ತದೆ. ಪ್ರಾಣ ಉಳಿಯುತ್ತದೆ.

ಇಷ್ಟು ನಂಬಿಗಸ್ತ ಕೋಶ, ಅದೇ ಪುಣೆಯಲ್ಲಿ, ಐವತ್ತು ವರ್ಷದ ಮೇಲೆ, ಆರೋಪಿಯಾಗಿ ಸಿಕ್ಕಿಬಿತ್ತು.

ಹಿಡಿದವರು ಡಾ. ಚಿತ್ತರಂಜನ್ ಯಾಜ್ಞಿಕ್. ಆಕ್ಸ್‌ಫರ್ಡ್‌ನಿಂದ ಮರಳಿ, ಪುಣೆಯ ರಾಸ್ತಾ ಪೇಟೆಯ ಕೆಇಎಂ ಆಸ್ಪತ್ರೆಯಲ್ಲಿ ಮಧುಮೇಹದ ರೋಗಿಗಳನ್ನು ನೋಡತೊಡಗಿದಾಗ ಅವರಿಗೆ ದಿಗಿಲಾಯಿತು. ಪಶ್ಚಿಮದ ಪಠ್ಯಪುಸ್ತಕದ ಪ್ರಕಾರ ಸಕ್ಕರೆ ಕಾಯಿಲೆಯವರು ವಯಸ್ಸಾದವರು, ದಪ್ಪಗಿರುವವರು. ಎದುರಿಗೆ ಕೂತವರು ಹರೆಯದವರು, ತೆಳ್ಳಗಿನವರು. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ. ಇವರ ಕೊಬ್ಬು ಎಲ್ಲಿ ಅಡಗಿತ್ತು? ಯಾವಾಗ ಸೇರಿಕೊಂಡಿತು?

ಉತ್ತರಕ್ಕೆ ತಾಯಿಯ ಗರ್ಭದವರೆಗೆ ಇಳಿಯಬೇಕಿತ್ತು. 1993ರಲ್ಲಿ ತಂಡ ಹೊರಟಿತು. ಪುಣೆಯ ಸುತ್ತಲ ಆರು ಹಳ್ಳಿ. ಬಾವಿಯಿಂದ ನೀರು ಸೇದುವ, ಹೊಲದಲ್ಲಿ ಬಾಗುವ, ಬಸಿರಿನಲ್ಲೂ ದುಡಿಯುವ ಹೆಂಗಸರು. ಸರಾಸರಿ ತೂಕ 42 ಕೆ.ಜಿ., ಎತ್ತರ 152 ಸೆಂ.ಮೀ. ಬಸಿರು ನಿಲ್ಲುವ ಮೊದಲೇ ಅವರ ಅಳತೆ ತೆಗೆಯಬೇಕು. ತಿಂಗಳು ತಿಂಗಳೂ ಮನೆ ಹತ್ತಬೇಕು. ತಿಂದದ್ದು ಬರೆಯಬೇಕು, ದುಡಿದದ್ದು ಬರೆಯಬೇಕು, ರಕ್ತ ತೆಗೆಯಬೇಕು. ಹೆರಿಗೆಯಾಯಿತೆಂದರೆ ಓಟ.

ಗಡುವು 72 ಗಂಟೆ. ಅಷ್ಟರೊಳಗೆ ಕೂಸನ್ನು ಅಳೆದು ಮುಗಿಸಬೇಕು. ಕೂಸು ಯಾವ ಮನೆಯಲ್ಲಾದರೂ ಹುಟ್ಟೀತು, ಯಾವ ಹೊತ್ತಿಗಾದರೂ ಹುಟ್ಟೀತು. ಕೆಲಸಗಾರರು ಧಾವಿಸಿದರು. ತಕ್ಕಡಿ ಹೊತ್ತರು. ಟೇಪು ಹಿಡಿದರು. ಕೈಯಲ್ಲಿ ಎಲ್ಲಕ್ಕಿಂತ ನಾಜೂಕಾದ ಆಯುಧ: ಚರ್ಮದ ಮಡಿಕೆ ಅಳೆಯುವ ಕ್ಯಾಲಿಪರ್.

ಅದು ನೋಡಲು ಉಕ್ಕಿನ ಚಿಮಟ, ಬೆನ್ನಿಗೊಂದು ಮುಳ್ಳಿನ ಡಯಲ್. ಕೂಸಿನ ಭುಜದೆಲುಬಿನ ಕೆಳಗೆ ಹೆಬ್ಬೆರಳು ತೋರುಬೆರಳಲ್ಲಿ ಚರ್ಮವನ್ನು ಮೆಲ್ಲಗೆ ಎತ್ತಬೇಕು. ದವಡೆ ಹಚ್ಚಬೇಕು. ಹಿಡಿ ಸಡಿಲಿಸಿ ಮುಳ್ಳು ನಿಲ್ಲುವ ಕ್ಷಣ ಕಾಯಬೇಕು. ಮಿಲಿಮೀಟರಿನ ಭಾಗಗಳಲ್ಲಿ ಓದಬೇಕು. ಕೂಸು ಕಿರುಚುತ್ತದೆ, ಒದೆಯುತ್ತದೆ. ಅಜ್ಜಿ ಗದರುತ್ತಾಳೆ. ಚೂರು ಹೆಚ್ಚು ಹಿಂಡಿದರೆ ಅಂಕಿ ಸುಳ್ಳು. ಚೂರು ತಡವಾದರೆ ಅಂಕಿ ಸುಳ್ಳು. ನನ್ನ ಮಟ್ಟಿಗೆ ಈ ಇಡೀ ಕಥೆಯ ವೀರರು ಈ ಹಳ್ಳಿ ತಿರುಗಿದ ಅಳತೆಗಾರರೇ. ಅವರ ಬೆರಳು ನಡುಗಿದ್ದರೆ ಮುಂದಿನ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ.

ಅಂಕಿಗಳು ಬಂದವು. ಪುಣೆಯ ಕೂಸುಗಳ ಸರಾಸರಿ ತೂಕ 2.7 ಕೆ.ಜಿ. ಇಂಗ್ಲೆಂಡಿನ ಸೌತಾಂಪ್ಟನ್‌ನ ಕೂಸುಗಳದು 3.5. ನಮ್ಮವು ಎಲ್ಲದರಲ್ಲೂ ಸಣ್ಣ. ತೋಳು ಸಣ್ಣ, ತಲೆ ಸಣ್ಣ, ಹೊಟ್ಟೆಯ ಸುತ್ತಳತೆ ಎಲ್ಲಕ್ಕಿಂತ ಹೆಚ್ಚು ಕುಗ್ಗಿತ್ತು. ಎಲ್ಲಕ್ಕಿಂತ ಕಡಿಮೆ ಕುಗ್ಗಿದ್ದು ಯಾವುದು?

ಬೆನ್ನಿನ ಆ ಚರ್ಮದ ಮಡಿಕೆ. ಅದರಡಿಯ ಕೊಬ್ಬು.

ಸ್ನಾಯು ಬಿಟ್ಟುಕೊಟ್ಟ ಕೂಸು, ಒಳಾಂಗ ಬಿಟ್ಟುಕೊಟ್ಟ ಕೂಸು, ಕೊಬ್ಬನ್ನು ಬಿಟ್ಟುಕೊಟ್ಟಿರಲಿಲ್ಲ! ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಏರಿತ್ತು. ತೆಳು-ಕೊಬ್ಬಿನ ಭಾರತೀಯ ಕೂಸು ಎಂಬ ಹೆಸರು 2003ರಲ್ಲಿ ಜಗತ್ತಿನ ಮುಂದೆ ಬಂತು. 2009ರಲ್ಲಿ ಪುಣೆಯ ಮತ್ತು ಲಂಡನ್ನಿನ ನವಜಾತ ಶಿಶುಗಳನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. ಪುಣೆಯ ಕೂಸಿನ ತೂಕ ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು.

ಮೈಸೂರೂ ಸಾಕ್ಷಿ ನುಡಿಯಿತು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹೆರಿಗೆಯ ಅಳತೆಗಳನ್ನು ಬರೆದಿಟ್ಟಿತ್ತು. ದಶಕಗಳ ಮೇಲೆ ಆ ಕೂಸುಗಳನ್ನು, ಈಗ ನಡುವಯಸ್ಸಿನವರನ್ನು, ಊರಲ್ಲಿ ಹುಡುಕಿ ಹಿಡಿದರು. ಹುಟ್ಟುವಾಗ ಗಿಡ್ಡಗೆ, ಗುಂಡಗೆ ಇದ್ದವರಲ್ಲಿ ಮಧುಮೇಹ ಹೆಚ್ಚಿತ್ತು. 1990ರ ದಶಕದ ಕೊನೆಯಲ್ಲಿ ಅದೇ ಆಸ್ಪತ್ರೆಯಲ್ಲಿ ಡಾ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮುಂತಾದವರು ಹೊಸ ಕೂಸುಗಳನ್ನು ಅಳೆದರು. ಮುಂಡದ ಮೇಲೆ ಕೊಬ್ಬು ಹುಟ್ಟಿನಿಂದಲೇ ಹಾಜರು.

2004ರಲ್ಲಿ ಯಾಜ್ಞಿಕ್ ತಮ್ಮ ಮೈಯನ್ನೇ ಪಣಕ್ಕೊಡ್ಡಿದರು. ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ಲ್ಯಾನ್ಸೆಟ್ ಪತ್ರಿಕೆ ಅಚ್ಚು ಹಾಕಿತು. ಇಬ್ಬರ ಬಿಎಂಐ ಒಂದೇ: 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡ. ಯಾಜ್ಞಿಕ್ ಮೈಯಲ್ಲಿ 21.2!

ತಕ್ಕಡಿ ಸೋತಿತು. ಇನ್ನು ಕೋಶದೊಳಗೇ ನುಗ್ಗಬೇಕು.

ನುಗ್ಗುವ ದಾರಿಯನ್ನು 1964ರಲ್ಲೇ ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಟಿನ್ ರಾಡ್‌ಬೆಲ್ ತೆರೆದಿದ್ದರು. ಕೊಬ್ಬಿನ ತುಣುಕು ತೆಗೆದುಕೋ. ಕೊಲಾಜಿನೇಸ್ ಕಿಣ್ವ ಸುರಿ. 37 ಡಿಗ್ರಿಯಲ್ಲಿ ಅಲುಗಾಡಿಸು. ಕೋಶಗಳನ್ನು ಹಿಡಿದಿದ್ದ ನಾರು ಕರಗುತ್ತದೆ. ಉಳಿದ ಕೋಶಗಳೆಲ್ಲ ತಳಕ್ಕೆ ಇಳಿಯುತ್ತವೆ, ಎಣ್ಣೆ ತುಂಬಿದ ಕೊಬ್ಬಿನ ಕೋಶ ಒಂದೇ ಮೇಲಕ್ಕೆ ತೇಲಿ ಬರುತ್ತದೆ. ಅಲ್ಲೇ ಅಪಾಯ. ಪೊರೆ ಅತಿ ತೆಳು. ಗಾಜು ತಾಕಿದರೆ ಒಡೆಯುತ್ತದೆ, ಹಾಗಾಗಿ ಪ್ಲಾಸ್ಟಿಕ್ ಪಾತ್ರೆ ಬೇಕು. ದೊಡ್ಡ ಕೋಶಗಳು ಮೊದಲು ಸಿಡಿಯುತ್ತವೆ. ಒಂದು ಒರಟು ಅಲುಗಾಟ ಸಾಕು, ಪ್ರಯೋಗ ಎಣ್ಣೆಯಾಗಿ ತೇಲುತ್ತದೆ.

ಸಿಡಿಯದೆ ಉಳಿದ ಕೋಶ ಮಾತಾಡುತ್ತದೆ. ಅದನ್ನು ಕೇಳಿಸಿಕೊಳ್ಳಲು ವಿಜ್ಞಾನಿಗಳು ಹಿಡಿದದ್ದು ಗ್ಲಿಸರಾಲ್ ಎಂಬ ಆ ಕೊನೆಯ ತುಣುಕನ್ನು. ಕೊಬ್ಬಿನಾಮ್ಲವನ್ನು ಕೋಶ ಮತ್ತೆ ಒಳಗೆಳೆದು ಕೊಬ್ಬಾಗಿಸಬಲ್ಲದು, ಸುಳಿವು ಅಳಿಸಬಲ್ಲದು. ಗ್ಲಿಸರಾಲನ್ನು ಮರಳಿ ಬಳಸುವ ಕಿಣ್ವ ಅದರ ಬಳಿ ಇಲ್ಲವೆನ್ನುವಷ್ಟು ಕಡಿಮೆ. ಹೊರಬಿದ್ದ ಗ್ಲಿಸರಾಲ್ ಹೊರಗೇ ಉಳಿಯುತ್ತದೆ. ಅದನ್ನು ಅಳೆದರೆ ಎಷ್ಟು ಕೊಬ್ಬು ಒಡೆಯಿತೆಂದು ತಿಳಿಯುತ್ತದೆ.

ಈಗ ಗಾತ್ರದ ಲೆಕ್ಕ. ಕೊಬ್ಬಿನ ಕೋಶದ ವ್ಯಾಸ 20 ಮೈಕ್ರಾನ್‌ನಿಂದ 200ರವರೆಗೆ. ಮೈಯ ಬೇರೆ ಕೋಶಗಳು ಹೀಗೆ ಹಿಗ್ಗಿ ಕುಗ್ಗಿ ಬದುಕುವುದು ಅಪರೂಪ. 50 ಮೈಕ್ರಾನ್ ಇದ್ದದ್ದು 100 ಆಯಿತೆನ್ನಿ. ಮೇಲ್ಮೈ ನಾಲ್ಕು ಪಟ್ಟು. ಒಳಗಿನ ಕೊಬ್ಬು ಎಂಟು ಪಟ್ಟು! ಕೋಶಕೇಂದ್ರ ಅಂಚಿಗೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಜೀವರಸ ತೆಳ್ಳನೆಯ ಅಂಚುಪಟ್ಟಿಯಾಗುತ್ತದೆ. ರಕ್ತನಾಳದಿಂದ ಆಮ್ಲಜನಕ ಸೋಸಿಕೊಂಡು ಹೋಗಬಲ್ಲ ದೂರ ಹೆಚ್ಚೆಂದರೆ 100ರಿಂದ 150 ಮೈಕ್ರಾನ್. ಕೋಶದ ವ್ಯಾಸವೇ ಆ ಗಡಿ ಮುಟ್ಟಿದರೆ?

ಉಸಿರು ಕಟ್ಟತೊಡಗುತ್ತದೆ. ಕೋಶ ಅಪಾಯದ ರಾಸಾಯನಿಕಗಳನ್ನು ಚೆಲ್ಲುತ್ತದೆ. ಅವುಗಳಲ್ಲೊಂದಾದ ಟಿಎನ್‌ಎಫ್ ಆಲ್ಫಾ ಏರುತ್ತದೆ, ಕಾವಲಿನ ಪೆರಿಲಿಪಿನ್ ತೆಳುವಾಗುತ್ತದೆ. ಕರೆ ಬರದಿದ್ದರೂ ಕಿಣ್ವಗಳು ಹನಿಯನ್ನು ಮೆಲ್ಲತೊಡಗುತ್ತವೆ. ಸೋರಿಕೆ ಶುರು.

ಇಲ್ಲೊಂದು ಅನುಮಾನ ಏಳಬೇಕು. ದಪ್ಪಗಿನವರ ಕೋಶಕ್ಕೂ ತೆಳ್ಳಗಿನವರ ಕೋಶಕ್ಕೂ ನೂರು ವ್ಯತ್ಯಾಸ ಇರಬಹುದಲ್ಲ, ಗಾತ್ರವೇ ಕಾರಣ ಎಂದು ಹೇಗೆ ಹೇಳುವುದು? ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಪೀಟರ್ ಆರ್ನರ್ ಬಳಗ 2011ರಲ್ಲಿ ಆ ಗಂಟನ್ನು ಬಿಡಿಸಿತು. ಒಬ್ಬನೇ ವ್ಯಕ್ತಿಯ ಕೊಬ್ಬಿನಿಂದ ದೊಡ್ಡ ಕೋಶಗಳನ್ನೂ ಸಣ್ಣ ಕೋಶಗಳನ್ನೂ ಬೇರ್ಪಡಿಸಿದರು. ಅದೇ ವಂಶವಾಹಿ, ಅದೇ ಊಟ, ಅದೇ ರಕ್ತ. ಗ್ಲಿಸರಾಲ್ ಅಳೆದರು. ಸುಮ್ಮನಿರುವಾಗಲೂ ದೊಡ್ಡ ಕೋಶ ಹೆಚ್ಚು ಒಡೆಯುತ್ತಿತ್ತು.

ಹೆಚ್ಚು ಒಡೆದರೆ ಒಳ್ಳೆಯದಲ್ಲವೇ, ತೆಳ್ಳಗಾಗುತ್ತಾರಲ್ಲ? ಇಲ್ಲೇ ಬಲೆ. ಆ ಕೊಬ್ಬಿನಾಮ್ಲವನ್ನು ಸುಡುವವರಿಲ್ಲ. ಮನುಷ್ಯ ಕುರ್ಚಿಯಲ್ಲಿ ಕೂತಿದ್ದಾನೆ. ಹೊರಬಿದ್ದದ್ದು ರಕ್ತದಲ್ಲಿ ಅಲೆದು ಲಿವರ್ ಸೇರುತ್ತದೆ, ಸ್ನಾಯುವಿನೊಳಗೆ ಹೊಕ್ಕು ಕೂರುತ್ತದೆ. ಅಲ್ಲಿ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ. ಇನ್ನೂ ಕೆಟ್ಟದ್ದು: ನಿಜವಾದ ಕರೆ ಬಂದಾಗ, ನಾರ್‌ಅಡ್ರಿನಲಿನ್ ಬಾಗಿಲು ಬಡಿದಾಗ, ಬೊಜ್ಜಿನ ಚರ್ಮದಡಿಯ ಕೋಶ ತಕ್ಕಷ್ಟು ಓಗೊಡುವುದಿಲ್ಲ. ಕರೆಯದೆ ಸೋರುತ್ತದೆ, ಕರೆದರೆ ಕೊಡುವುದಿಲ್ಲ. 2018ರಲ್ಲಿ ಅದೇ ಬಳಗ ಹೆಂಗಸರನ್ನು ಹತ್ತು ವರ್ಷಕ್ಕೂ ಮೀರಿ ಹಿಂಬಾಲಿಸಿ ತೋರಿಸಿತು: ಯಾರ ಕೋಶ ಹೀಗೆ ಸೋರಿಯೂ ಓಗೊಡದೆ ಇತ್ತೋ ಅವರ ತೂಕ ಮುಂದೆ ಏರಿತು, ಸಕ್ಕರೆಯ ಹಿಡಿತ ತಪ್ಪಿತು.

ದೇಹ ಸುಮ್ಮನೆ ಸೋಲುವುದಿಲ್ಲ, ಅದನ್ನೂ ಹೇಳಬೇಕು. ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ, ಮತ್ತೆ ಮತ್ತೆ ಸುರಿಸುತ್ತದೆ, ಸೋರಿಕೆಯನ್ನು ಅದುಮಿ ಹಿಡಿಯುತ್ತದೆ. ಹಾಗಾಗಿ ಒಂದು ಕೋಶಕ್ಕೆ ಲೆಕ್ಕ ಹಾಕಿದರೆ ಸೋರಿಕೆ ಹೆಚ್ಚು ಕಂಡರೂ, ಒಂದು ಕಿಲೋ ಕೊಬ್ಬಿಗೆ ಲೆಕ್ಕ ಹಾಕಿದರೆ ಬೊಜ್ಜಿನವರಲ್ಲಿ ಕೊಬ್ಬಿನಾಮ್ಲದ ಬಿಡುಗಡೆ ಎಷ್ಟೋ ಸಲ ಕಡಿಮೆಯೇ ಇರುತ್ತದೆ. ಇದು ಇಡೀ ಗ್ರಂಥಿ ಮೈಮುರಿದು ನಡೆಸುವ ತಡೆಗೋಡೆಯ ಕೆಲಸ. ವರ್ಷಗಟ್ಟಲೆ ನಡೆಯುತ್ತದೆ. ಒಂದು ದಿನ ಗ್ರಂಥಿ ಸುಸ್ತಾಗುತ್ತದೆ.

ಭಾರತೀಯನ ಗ್ರಂಥಿಗೆ ಆ ದಿನ ಬೇಗ ಬರುತ್ತದೆ. ಯಾಕೆ?

ಕೊಬ್ಬು ಇಡಲು ನಮ್ಮ ಚರ್ಮದಡಿ ಜಾಗ ಕಡಿಮೆ ಎಂಬುದು 2007ರಲ್ಲಿ ಮುಂದಿಟ್ಟ ವಾದ. ಸುರಕ್ಷಿತ ತಾಣ ಬೇಗ ತುಂಬುತ್ತದೆ, ಇದ್ದ ಕೋಶಗಳೇ ಹಿಗ್ಗುತ್ತವೆ. ತುಂಬಿದ ಕೆರೆ ಕೋಡಿ ಬಿದ್ದಂತೆ ಮಿಕ್ಕಿದ್ದು ಹೊಟ್ಟೆಯೊಳಕ್ಕೆ, ಲಿವರ್‌ಗೆ ಹರಿಯುತ್ತದೆ. ಅದೇ ವರ್ಷ ಅಮೆರಿಕದ ಡಲ್ಲಾಸ್‌ನಲ್ಲಿ ದಕ್ಷಿಣ ಏಷ್ಯಾದ ಗಂಡಸರ ಹೊಟ್ಟೆಯ ಚರ್ಮದಡಿಯಿಂದ ಕೊಬ್ಬು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಕೋಶದ ಹರವು ಬಿಳಿಯರ ಕೋಶಕ್ಕಿಂತ ಸುಮಾರು ಎರಡು ಪಟ್ಟು! 2011ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲೂ ಅದೇ ಕಂಡಿತು: ನಮ್ಮವರ ಕೋಶ ದೊಡ್ಡದು, ಲಿವರ್‌ನಲ್ಲಿ ಕೊಬ್ಬು ಹೆಚ್ಚು.

ಎಲ್ಲ ಕೋಶಗಳೂ ಈ ಹೊರೆ ತಾಳುವುದಿಲ್ಲ. ಕೆಲವು ಸಾಯುತ್ತವೆ. ಸತ್ತ ಕೋಶದ ಎಣ್ಣೆಯ ಹನಿ ಹಾಗೇ ಬಿದ್ದಿರುತ್ತದೆ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಧಾವಿಸುತ್ತವೆ, ಸುತ್ತುವರಿಯುತ್ತವೆ, ತಿನ್ನತೊಡಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಕಿರೀಟ ತೊಡಿಸಿದ ಉಂಗುರ. 2005ರಲ್ಲಿ ಇಟಲಿಯ ಚಿಂತಿ ಬಳಗ ಎಣಿಸಿ ನೋಡಿತು. ಬೊಜ್ಜಿನ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಥ ಹೆಣಗಳ ಸುತ್ತಲೇ ಇದ್ದವು. ಉರಿಯೂತ ಅಲ್ಲಿಂದ ಹಬ್ಬುತ್ತದೆ.

ಪಾರಾಗುವ ದಾರಿ ಉಂಟೇ? ಉಂಟು. ಸಿಂಹಗಡ ಹತ್ತಿ.

ಪುಣೆಯಿಂದ ನೈಋತ್ಯಕ್ಕೆ ಸುಮಾರು 30 ಕಿ.ಮೀ. ಅತ್ಕರವಾಡಿಯಲ್ಲಿ ಗಾಡಿ ನಿಲ್ಲಿಸಿ ಮೇಲೆ ನೋಡಿದರೆ ಕೋಟೆ ಕತ್ತು ನೋಯುವಷ್ಟು ಎತ್ತರ. 600 ಮೀಟರಿನ ನೆಟ್ಟನೆ ಏರು, ಸಡಿಲ ಕಲ್ಲು, ಜಾರುವ ಮಣ್ಣು. ಪುಣೇಕರರು ಬೆಳಕು ಹರಿಯುವ ಮೊದಲೇ ಹತ್ತುತ್ತಾರೆ. ನಾನೂ ಅವರ ಹಿಂದೆ ಏದುಸಿರು ಬಿಡುತ್ತ ಹತ್ತಿದ್ದೇನೆ. ಮೊದಲ ತಿರುವಿಗೇ ಎದೆ ಬಡಿಯುತ್ತದೆ, ತೊಡೆ ಉರಿಯುತ್ತದೆ.

ಆ ಬಡಿತವೇ ಕರೆ. ಅಡ್ರಿನಲಿನ್ ಏರುತ್ತದೆ, ಇನ್ಸುಲಿನ್ ಇಳಿಯುತ್ತದೆ. ಹಿಗ್ಗಿದ ಹೃದಯದ ಮೇಲುಕೋಣೆ ಎಎನ್‌ಪಿ ಎಂಬ ಹಾರ್ಮೋನನ್ನು ಚಿಮ್ಮಿಸುತ್ತದೆ. ಅದೂ ಕೊಬ್ಬಿನ ಕೋಶದ ಬಾಗಿಲು ಬಡಿಯುತ್ತದೆ, ಬೇರೆಯದೇ ಬಾಗಿಲು! ಫ್ರಾನ್ಸಿನ ಟೂಲೂಸ್ ನಗರದ ಲಾಫೊಂತಾನ್ ಬಳಗ 2000ದಲ್ಲಿ ಇದನ್ನು ಹಿಡಿಯಿತು. ಇಲಿಯ ಕೊಬ್ಬು ಈ ಕರೆಗೆ ಕಿವುಡು, ಮನುಷ್ಯನ ಕೊಬ್ಬು ಮಂಗನ ಕೊಬ್ಬು ಕೇಳಿಸಿಕೊಳ್ಳುತ್ತವೆ. ಈ ಬಾರಿ ಹೊರಬಿದ್ದ ಕೊಬ್ಬಿನಾಮ್ಲಕ್ಕೆ ಹೋಗಲು ಜಾಗವಿದೆ. ತೊಡೆಯ ಸ್ನಾಯು ಹಸಿದಿದೆ. ಸುಟ್ಟು ಹಾಕುತ್ತದೆ.

ಲೆಕ್ಕ ಕಟುವಾಗಿದೆ. 70 ಕೆ.ಜಿ.ಯ ಮೈಯನ್ನು 600 ಮೀಟರ್ ಎತ್ತಲು ಹೆಚ್ಚೂಕಡಿಮೆ 400ರಿಂದ 500 ಕ್ಯಾಲೊರಿ. ಅರ್ಧ ಕೊಬ್ಬಿನಿಂದ ಬಂತೆಂದುಕೊಂಡರೂ 30 ಗ್ರಾಂ ದಾಟುವುದಿಲ್ಲ. ಮೇಲೆ ಮಾರಲು ಕೂತವರ ಬುಟ್ಟಿಯಲ್ಲಿ ಬಿಸಿ ಕಾಂದಾ ಭಜಿ, ಪಿಠಲ ಭಾಕರಿ, ಪುಟ್ಟ ಮಡಕೆಯ ಗಟ್ಟಿ ಮೊಸರು. ಒಂದು ತಟ್ಟೆಯಲ್ಲಿ ಗಳಿಸಿದ್ದೆಲ್ಲ ಹೋಗಬಹುದು. ಆದರೂ ವಾರವಾರವೂ ಹತ್ತುವ ಅರವತ್ತು ದಾಟಿದ ಅಜ್ಜಂದಿರನ್ನು ಕಂಡರೆ ನನಗೆ ಗೌರವ ಉಕ್ಕುತ್ತದೆ. ಅವರು ಪ್ರತಿ ಏರಿನಲ್ಲೂ ಕೋಶಗಳನ್ನು ಒಂದಿಷ್ಟು ಕುಗ್ಗಿಸುತ್ತಿದ್ದಾರೆ. ಕುಗ್ಗಿದ ಕೋಶ ಸೋರುವುದು ಕಡಿಮೆ.

ಕುಗ್ಗಿದ ಕೋಶ ಸಾಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಣುಬಾಂಬಿನಿಂದ.

1963ರ ಅಣುಪರೀಕ್ಷಾ ನಿಷೇಧ ಒಪ್ಪಂದ ತಡೆಯುವವರೆಗೂ ಬಯಲಲ್ಲಿ ಬಾಂಬು ಸಿಡಿಸಿದರು, ಗಾಳಿಯಲ್ಲಿ ಕಾರ್ಬನ್-14 ಏರಿತು. ಗಿಡ ಅದನ್ನು ಹೀರಿತು, ದನ ಮೇಯಿತು, ಮನುಷ್ಯ ತಿಂದ. ಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಅಚ್ಚಾಯಿತು. 2008ರಲ್ಲಿ ಸ್ಟಾಕ್‌ಹೋಮ್‌ನ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಜೊತೆಗಾರರು ಆ ಗುರುತು ಓದಿದರು. ಪ್ರತಿ ವರ್ಷ ನೂರಕ್ಕೆ ಹತ್ತರಷ್ಟು ಕೊಬ್ಬಿನ ಕೋಶ ಸಾಯುತ್ತದೆ, ಅಷ್ಟೇ ಹೊಸದು ಹುಟ್ಟುತ್ತದೆ. ಎಣಿಕೆ ಬಾಲ್ಯ, ಹರೆಯದಲ್ಲೇ ನಿಗದಿ. ಹೊಟ್ಟೆ ಕಿರಿದು ಮಾಡುವ ಶಸ್ತ್ರಚಿಕಿತ್ಸೆಯಿಂದ ಮೈ ಇಳಿಸಿಕೊಂಡವರಲ್ಲೂ ಎರಡು ವರ್ಷದ ಮೇಲೆ ಎಣಿಕೆ ಹಾಗೇ ಇತ್ತು. ಕೋಶಗಳು ಸಣ್ಣಗಾಗಿದ್ದವು, ಅಷ್ಟೇ. ಮತ್ತೆ ತುಂಬಿಕೊಳ್ಳಲು ಸಿದ್ಧವಾಗಿದ್ದವು.

ಎಣಿಕೆ ಬೇಗ ನಿಗದಿಯಾಗುವುದಾದರೆ ಕಾಳಗ ಗೆಲ್ಲಬೇಕಾದದ್ದು ಬಾಲ್ಯದಲ್ಲಿ, ಅದಕ್ಕೂ ಹಿಂದೆ ತಾಯಿಯಲ್ಲಿ. ಪುಣೆಯ ಆರು ಹಳ್ಳಿಗಳ ಬಸುರಿಯರಲ್ಲಿ ಮೂರರಲ್ಲಿ ಇಬ್ಬರಿಗೆ ವಿಟಮಿನ್ ಬಿ12 ಕೊರತೆ. ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳು ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ ತೋರಿದರು. ಈ ಫಲಿತಾಂಶ 2008ರಲ್ಲಿ ಹೊರಬಂತು.

ಸರಿಪಡಿಸಲು ಒಂದು ತಲೆಮಾರು ಸಾಕೇ? ಯಾಜ್ಞಿಕ್ ಕೂಡ ಕೈಜೋಡಿಸಿದ ಒಂದು ಇಲಿ ಪ್ರಯೋಗ ಎದೆ ನಡುಗಿಸುತ್ತದೆ. 50 ತಲೆಮಾರು ಅರೆಹೊಟ್ಟೆಯಲ್ಲಿ ಸಾಕಿದ ಇಲಿಗಳವು. ಬಿ12 ಕಡಿಮೆ, ಇನ್ಸುಲಿನ್ ಹೆಚ್ಚು, ಹೊಟ್ಟೆಯೊಳಗೆ ಕೊಬ್ಬು. ನಂತರ ಎರಡು ತಲೆಮಾರು ಹೊಟ್ಟೆ ತುಂಬ ಊಟ ಕೊಟ್ಟರು. ಕೆಡುಕು ನೀಗಲಿಲ್ಲ. 2015ರಲ್ಲಿ ಈ ವರದಿ ಬಂತು.

ಪುಣೆಯ ತಂಡ ಅಷ್ಟಕ್ಕೆ ಕೈಚೆಲ್ಲಲಿಲ್ಲ. 2012ರಲ್ಲೇ ಮತ್ತೊಂದು ದಾಳಿ ಶುರುವಾಗಿತ್ತು, ಹೆಸರು ಪ್ರಿಯಾ. ಅಂದು ಕ್ಯಾಲಿಪರ್ ತಾಕಿ ಕಿರುಚಿದ್ದ ಮಕ್ಕಳು ಈಗ ಹರೆಯಕ್ಕೆ ಬಂದಿದ್ದರು. ಅವರಿಗೆ ಬಿ12 ಮಾತ್ರೆ ಕೊಟ್ಟರು, ಕೆಲವರಿಗೆ ಜೊತೆಯಲ್ಲಿ ಇನ್ನಿತರ ಪೋಷಕಾಂಶ, ಕೆಲವರಿಗೆ ಹೋಲಿಕೆಗೆಂದು ಖಾಲಿ ಮಾತ್ರೆ. ಮದುವೆಗೆ ಮೊದಲು, ಬಸಿರಿಗೆ ಮೊದಲು. ಹುಡುಗಿಯರು ಮದುವೆಯಾಗಿ ಬೇರೆ ಬೇರೆ ಊರು ಸೇರಿದರು. ತಂಡ ಬೆನ್ನು ಬಿಡದೆ ಆ ಊರುಗಳಿಗೂ ಹೋಯಿತು, ಹೊಕ್ಕುಳಬಳ್ಳಿಯ ರಕ್ತ ಹಿಡಿಯಿತು, ಮೂರನೇ ತಲೆಮಾರಿನ ಕೂಸುಗಳ ಅಳತೆ ತೆಗೆಯಿತು.